ಕೌಂಟರಮ್ಮ ಮತ್ತು ಹಿಟ್ಟಿನ ಮೂಟೆ

ಬೇಕರಿಗೆ ಬರುವವರಿಗೆಲ್ಲ ಅವಳು ಕೌಂಟರಮ್ಮ. ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹನ್ನೊಂದು ವರ್ಷ ಒಂದೇ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ಬ್ರೆಡ್ಡು, ಬನ್ನು, ರಸ್ಕುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟವಳಿಗೆ ಆ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗಂಡನೂ ಒಮ್ಮೊಮ್ಮೆ ಮರೆತು ಕೌಂಟರಮ್ಮ ಎಂದೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಅಂಗಡಿಗೂ ಹಿಂದಿನ ಭಟ್ಟಿಮನೆಗೂ ನಡುವೆ ಒಂದು ಕಿಂಡಿ. ಬೆಂದ ಬ್ರೆಡ್ಡಿನ ತಟ್ಟೆಗಳು ಆ ಕಿಂಡಿಯಿಂದಲೇ ಈಚೆ ಬರಬೇಕು. ಅದರೊಳಗೆ ಇಣುಕಿದರೆ ಬ್ರೆಡ್ಡು ಮಾಡುವ ಮೇಸ್ತ್ರಿಯ ಎರಡು ತೋಳುಗಳು ಕಾಣುತ್ತಿದ್ದವು. ಮೊಣಕೈಯವರೆಗೂ ಹಿಟ್ಟು ಮೆತ್ತಿ ಬೆಳ್ಳಗಾದ ತೋಳುಗಳು. ಆ ತೋಳು ಮರದ ತೊಟ್ಟಿಯೊಳಗೆ ಮುಳುಗುವುದು, ಮೇಲೇಳುವುದು, ಮತ್ತೆ ಮುಳುಗುವುದು. ಹನ್ನೊಂದು ವರ್ಷದಲ್ಲಿ ಅವಳು ನೋಡಿದ್ದು ಅಷ್ಟೇ. ಯಾವ ಗಿರಾಕಿಗೆ ಕರಕಲು ಅಂಚು ಇಷ್ಟ, ಯಾವ ಮನೆಯ ಅಜ್ಜಿಗೆ ಹಲ್ಲಿಲ್ಲದ ಕಾರಣ ಮೆತ್ತನೆಯ ಬನ್ನೇ ಆಗಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಯಾರಾದರೂ, "ಇವತ್ತು ಬ್ರೆಡ್ ಯಾಕೆ ಒಂಚೂರು ಹುಳಿ ಇದೆ?" ಎಂದು ಕೇಳಿದರೆ, "ಒಳಗೆ ಕೇಳಿ ಹೇಳ್ತೀನಿ" ಎನ್ನಬೇಕಾಗಿತ್ತು. ಹನ್ನೊಂದು ವರ್ಷ ಆ ಮಾತು ಹೇಳಿ ಹೇಳಿ ಅವಳ ಬಾಯಿ ಕಹಿಯಾಗಿತ್ತು.

ಮೇಸ್ತ್ರಿಗೆ ಸಹಾಯಕನಾಗಿದ್ದ ದಪ್ಪ ಮೀಸೆಯವನು ಇನ್ನು ನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟು ಬೇರೆ ಊರಿನಲ್ಲಿ ಸ್ವಂತ ಬೇಕರಿ ತೆರೆಯುತ್ತಾನೆಂಬ ಸುದ್ದಿ ಬಂದ ದಿನ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವಳು ಭಟ್ಟಿಮನೆಯ ಬಾಗಿಲಲ್ಲಿ ನಿಂತಳು.

"ಮೇಸ್ತ್ರಿಗಳೇ, ಒಳಗಿನ ಕೆಲಸ ನಾನು ಮಾಡ್ಲಾ?"

ಮೇಸ್ತ್ರಿಗೆ ಅರವತ್ತು ದಾಟಿತ್ತು. ಅವರು ತಲೆಯೆತ್ತದೆ ತೊಟ್ಟಿಯ ಅಂಚು ಕೆರೆಯುತ್ತಲೇ ಕೇಳಿದರು, "ಹೊರಗಿನ ಕೆಲಸಕ್ಕೆ ಏನಾಯ್ತಮ್ಮ?"

"ಏನೂ ಆಗಿಲ್ಲ. ಇಷ್ಟು ವರ್ಷ ನೀವು ಮಾಡಿದ್ದನ್ನ ನಾನು ಮಾರಿದೆ. ಮಾಡೋದನ್ನೂ ಕಲೀಬೇಕು ಅಂತ ಆಸೆ."

ಮೇಸ್ತ್ರಿ ನಗಲಿಲ್ಲ. ಗೋಡೆಗೆ ಒರಗಿಸಿದ್ದ ಐವತ್ತು ಕಿಲೋ ಮೈದಾ ಮೂಟೆಯನ್ನು ಗಲ್ಲದಿಂದಲೇ ತೋರಿಸಿ, "ಅದನ್ನ ಎತ್ತಿ ತೊಟ್ಟಿ ಅಂಚಿನ ಮೇಲೆ ಇಡು ನೋಡೋಣ" ಎಂದರು.

ಅದು ಆ ಭಟ್ಟಿಮನೆಯ ಕಟ್ಟಳೆ. ಮೇಸ್ತ್ರಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿಯ ಕಾಲದಿಂದ ನಡೆದುಬಂದದ್ದು. ಮೂಟೆಯನ್ನು ನೆಲದಿಂದ ಎತ್ತಿ, ಸೊಂಟದೆತ್ತರದ ತೊಟ್ಟಿಯ ಅಂಚಿಗೆ ಒಬ್ಬರೇ ಏರಿಸಬೇಕು. ಹಾಗೆ ಏರಿಸದವರು ಹಿಟ್ಟಿಗೆ ಕೈ ಹಾಕುವಂತಿಲ್ಲ. ಬೆಳಗಿನ ಜಾವ ಒಬ್ಬರು ಭಟ್ಟಿಯ ಬೆಂಕಿಯ ಮುಂದೆ ಸಿಕ್ಕಿಕೊಂಡಿರುವಾಗ ಇನ್ನೊಬ್ಬರು ಮೂಟೆಗಾಗಿ ಜನ ಹುಡುಕುತ್ತ ನಿಂತರೆ ಬೇಕರಿ ನಡೆಯುವುದಿಲ್ಲ.

ಕೌಂಟರಮ್ಮ ಸೆರಗು ಸಿಕ್ಕಿಸಿ, ಬಗ್ಗಿ, ಮೂಟೆಯ ಎರಡು ಕಿವಿ ಹಿಡಿದು ಎಳೆದಳು. ಮೂಟೆ ಅಲ್ಲಾಡಲಿಲ್ಲ, ಅಲ್ಲಾಡಿದವಳು ಅವಳು. ಚಪ್ಪಲಿ ಜಾರಿ ಮೂಟೆಯ ಮೇಲೆಯೇ ಅಪ್ಪಿಕೊಂಡಂತೆ ಬಿದ್ದಳು. ಎದ್ದಾಗ ಮೂಗಿನ ತುದಿ ಬೆಳ್ಳಗಾಗಿತ್ತು.

"ನಾಲ್ಕು ತಿಂಗಳು ಇದೆ" ಎಂದರು ಮೇಸ್ತ್ರಿ. "ಅಷ್ಟರಲ್ಲಿ ಎತ್ತಿದ್ರೆ ಜಾಗ ನಿಂದು. ಇಲ್ಲಾಂದ್ರೆ ನನ್ನ ತಂಗಿ ಮಗನಿಗೆ ಹೇಳಿ ಕಳಿಸ್ತೀನಿ. ಅವನು ಬಂದು ಕೂತರೆ ಇನ್ನು ಇಪ್ಪತ್ತು ವರ್ಷ ಏಳಲ್ಲ, ಯೋಚನೆ ಮಾಡ್ಕೋ."

ಅವಳಿಗೆ ಆಗ ನಲವತ್ತೊಂದು ವರ್ಷ. ಇಪ್ಪತ್ತು ವರ್ಷ ಕಳೆದ ಮೇಲೆ ಯೋಚಿಸಲು ಏನು ಉಳಿದಿರುತ್ತದೆ?

*

ಮೈ ಗಟ್ಟಿಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡುವವರು ಅವಳಿಗೆ ಯಾರೂ ಇರಲಿಲ್ಲ. ದೊಡ್ಡ ರಸ್ತೆಯಲ್ಲಿ ಕನ್ನಡಿ ಗೋಡೆಯ ಜಿಮ್ಮೊಂದು ಇತ್ತು. ಅಲ್ಲಿಯ ಒಂದು ತಿಂಗಳ ಶುಲ್ಕದಲ್ಲಿ ಅವಳ ಮನೆಗೆ ಎರಡು ತಿಂಗಳ ಅಕ್ಕಿ ಬರುತ್ತಿತ್ತು. ಗುರು ಸಿಕ್ಕಿದ್ದು ರದ್ದಿ ಕಾಗದದ ಕಟ್ಟಿನಲ್ಲಿ. ಬನ್ನು ಸುತ್ತಲು ತಂದಿದ್ದ ಹಳೆಯ ಪತ್ರಿಕೆಗಳ ನಡುವೆ ವ್ಯಾಯಾಮದ ಪುಸ್ತಕವೊಂದರ ನಾಲ್ಕು ಹಾಳೆ ಕೈಗೆ ಬಂದವು. ಚಿತ್ರಗಳಿದ್ದವು. ಕುರ್ಚಿಯ ಮೇಲೆ ಕೂತು ಏಳುವಂತೆ ಕುಕ್ಕರಿಸಿ ಏಳುವುದು ಮೊದಲನೆಯದು. ಮೇಜಿಗೆ ಕೈಯೂರಿ ಎದೆಯನ್ನು ಮೇಜಿನವರೆಗೆ ಇಳಿಸಿ ಎತ್ತುವುದು ಎರಡನೆಯದು. ಭಾರ ಹೊತ್ತು ನೂರು ಹೆಜ್ಜೆ ನಡೆಯುವುದು ಮೂರನೆಯದು. ನೆಲದ ಭಾರವನ್ನು ಎತ್ತುವುದು ನಾಲ್ಕನೆಯದು. ಕೊನೆಯ ಹಾಳೆಯ ಕೊನೆಯ ಸಾಲು ಹೀಗಿತ್ತು: "ಐದನೆಯ ವ್ಯಾಯಾಮವೇ ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಮಾಡುವಾಗ ಎಂದಿಗೂ". ಅಲ್ಲಿಗೆ ಹಾಳೆ ಮುಗಿದಿತ್ತು. ಉಳಿದದ್ದರಲ್ಲಿ ಯಾರ ಮನೆಗೋ ಆಗಲೇ ರಸ್ಕು ಹೋಗಿತ್ತು.

ಗಂಡ ಆ ಹಾಳೆಗಳನ್ನು ದೀಪದ ಕೆಳಗೆ ಹಿಡಿದು ಗಂಭೀರವಾಗಿ ಓದಿದ. ಅವನು ಸಲೂನಿನಲ್ಲಿ ಕ್ಷೌರ ಮಾಡುವವನು. ದಿನವಿಡೀ ಗಿರಾಕಿಗಳ ಕಿವಿಯ ಹತ್ತಿರ ಮಾತಾಡಿ ಮಾತಾಡಿ ಅವನ ನಾಲಿಗೆ ಕತ್ತರಿಗಿಂತ ಚುರುಕಾಗಿತ್ತು.

"ಐದನೇದು ನಂಗೊತ್ತು ಕಣೆ" ಎಂದ. "ಗಂಡನ ಕಾಲು ಒತ್ತೋದು. ಇದನ್ನು ಮಾಡುವಾಗ ಎಂದಿಗೂ ಗೊಣಗಬಾರದು."

"ಅದು ಹದಿನೆಂಟು ವರ್ಷದಿಂದ ಮಾಡ್ತಾನೇ ಇದೀನಿ. ಅದರಿಂದ ಯಾವ ಶಕ್ತಿನೂ ಬಂದಿಲ್ಲ" ಎಂದಳು ಅವಳು.

"ಗೊಣಗ್ತಾ ಮಾಡಿದ್ಯಲ್ಲ, ಅದಕ್ಕೆ."

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮಗನ ಕಡೆ ಒಂದು ಕಲ್ಲು ಎಸೆದರು. ಅಕ್ಕಿಯಲ್ಲಿ ಸಿಕ್ಕ ಕಲ್ಲಾದ್ದರಿಂದ ಪೆಟ್ಟಾಗಲಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಅವಳ ಮನೆ ಮಹಡಿಯ ಮೇಲೆ, ಎರಡೇ ಕೋಣೆ. ಅದಕ್ಕೂ ಮೇಲೆ ನೀರಿನ ತೊಟ್ಟಿ, ಒಗೆಯುವ ಕಲ್ಲು ಇದ್ದ ತಾರಸಿ. ಸಂಜೆ ಅಲ್ಲಿಗೆ ಹೋಗಿ ನಾಲ್ಕನೆಯ ಚಿತ್ರದಂತೆ ನೀರು ತುಂಬಿದ ಬಿಂದಿಗೆ ಎತ್ತಿದಳು. ಅಂದರೆ, ಅವಳು ಅಂದುಕೊಂಡಿದ್ದು ಚಿತ್ರದಂತೆ. ಸೊಂಟದಲ್ಲಿ ಏನೋ ಕಳಕ್ಕೆಂದಿತು. ಬಗ್ಗಿದವಳು ಬಗ್ಗಿದಂತೆಯೇ ಮೆಟ್ಟಿಲಿಳಿದು ಬಂದಳು.

ಅತ್ತೆ ಎಣ್ಣೆ ಬಿಸಿಮಾಡಿ ಅವಳ ಸೊಂಟ ನೀವುತ್ತ ಹೇಳಿದರು, "ನಲವತ್ತು ವರ್ಷ ತಲೆ ಮೇಲೆ ತರಕಾರಿ ಬುಟ್ಟಿ ಹೊತ್ತವಳು ಮನೇಲಿ ಕೂತಿದೀನಿ. ನನ್ನ ಕೇಳೋದು ಬಿಟ್ಟು ರದ್ದಿ ಪೇಪರ್ ಕೇಳ್ತಾಳಂತೆ."

"ನೀವು ಬೈತೀರ ಅಂತ ಕೇಳಲಿಲ್ಲ ಅತ್ತೆ."

"ಈಗ ಬೈದಿಲ್ವಾ? ಬೈಗಳಂತೂ ತಪ್ಪಲಿಲ್ಲ, ಸೊಂಟನಾದ್ರೂ ಉಳೀತಿತ್ತು. ನೋಡು, ಭಾರಾನ ಬೆನ್ನಿಂದ ಎತ್ತಬಾರದು. ಕೂತ್ಕೋಬೇಕು. ತೊಡೆ ಹತ್ರ ತಂದ್ಕೋಬೇಕು. ಮಗೂನ ಎತ್ಕೊಳ್ಳೋ ಹಾಗೆ ಎದೆಗೆ ಒತ್ತಿಕೊಂಡು ಕಾಲಿಂದ ಏಳ್ಬೇಕು. ಬುಟ್ಟಿ ಮೈಯಿಂದ ಒಂದು ಗೇಣು ದೂರ ಹೋದ್ರೂ ಅದು ನಿನ್ನ ಬುಟ್ಟಿ ಅಲ್ಲ, ಎದುರಾಳಿ."

ಹತ್ತು ದಿನ ಅತ್ತೆ ಅವಳಿಗೆ ಬರಿಯ ಚೊಂಬೊಂದನ್ನು ಕೊಟ್ಟು ಕೂರಿಸಿ ಏಳಿಸಿದರು. ಎದುರುಮನೆಯ ಕಿಟಕಿಯಿಂದ ನೋಡಿದವರು ಕೌಂಟರಮ್ಮನಿಗೆ ಅತ್ತೆ ಏನೋ ಶಿಕ್ಷೆ ಕೊಡುತ್ತಿದ್ದಾರೆಂದೇ ತಿಳಿದರು. ಒಂದು ದಿನ ಬಿಟ್ಟು ಒಂದು ದಿನವೇ ಎತ್ತಬೇಕು, ನಡುವಿನ ದಿನ ಮೈಗೆ ಬಿಡುವು ಎಂಬ ನಿಯಮ ಮಾಡಿದವರೂ ಅವರೇ. "ಬುಟ್ಟಿ ಹೊರೋರಿಗೆ ಆ ಬಿಡುವು ಸಿಗ್ತಿರಲಿಲ್ಲ. ಅದಕ್ಕೇ ನನ್ನ ಮಂಡಿ ಹೀಗಿದೆ. ನೀನು ತಗೋ" ಎಂದರು.

*

ಎತ್ತುವುದು ಅರ್ಧ ಕೆಲಸ, ಉಣ್ಣುವುದು ಇನ್ನರ್ಧ. ಹಾಳೆಯ ಅಂಚಿನಲ್ಲಿ ಒಂದು ಆಹಾರದ ಪಟ್ಟಿಯೂ ಇತ್ತು. ಬೆಳಿಗ್ಗೆ ಬಾದಾಮಿ, ಹತ್ತು ಗಂಟೆಗೆ ಹಣ್ಣಿನ ರಸ, ಮಧ್ಯಾಹ್ನ ಬೇಯಿಸಿದ ಕೋಳಿಯೆದೆ, ಸಂಜೆ ಪನೀರು. ಗಂಡ ಅದನ್ನು ಓದಿ, "ಇದು ಊಟದ ಪಟ್ಟಿ ಅಲ್ಲ ಕಣೆ, ಯಾರದೋ ಮದುವೆ ಖರ್ಚು" ಎಂದ.

ಕೌಂಟರಮ್ಮ ತನ್ನ ಊಟವನ್ನು ಮೊದಲ ಬಾರಿಗೆ ಕಣ್ಣುಬಿಟ್ಟು ನೋಡಿದಳು. ಬೆಳಿಗ್ಗೆ ಚಹಾ, ಮುರಿದ ರಸ್ಕು. ಮಧ್ಯಾಹ್ನ ಉಳಿದ ಬ್ರೆಡ್ಡಿನ ಅಂಚು, ಚಹಾ. ಸಂಜೆ ಮತ್ತೆ ಚಹಾ. ರಾತ್ರಿ ಎಲ್ಲರಿಗೂ ಬಡಿಸಿ ಪಾತ್ರೆಯಲ್ಲಿ ಉಳಿದದ್ದು. ಬೇಕರಿಯಲ್ಲಿ ನಿಂತು ನಿಂತು ಅವಳ ರಕ್ತವೇ ಚಹಾ ಆಗಿತ್ತು.

ಎರಡು ಹೊತ್ತಿನ ಚಹಾ ಬಿಟ್ಟಳು. ಅದರ ದುಡ್ಡಿಗೆ ವಾರಕ್ಕೊಮ್ಮೆ ಕಡಲೆಕಾಯಿ ಬಂತು. ಬೇಕರಿಗೆ ಮೊಟ್ಟೆ ಬರುವ ದಿನ ಒಂದಿಷ್ಟು ಬಿರುಕು ಬಿಟ್ಟವು ಇರುತ್ತಿದ್ದವು. ಕೇಕಿಗೆ ಬಳಸಲು ಮೇಸ್ತ್ರಿ ಒಪ್ಪುತ್ತಿರಲಿಲ್ಲ, ಇಟ್ಟರೆ ಕೆಡುತ್ತಿದ್ದವು. ಬೇಕರಿಯ ಯಜಮಾನರನ್ನು ಕೇಳಿ ಅವನ್ನು ಅರ್ಧ ಬೆಲೆಗೆ ಕೊಂಡು ಅದೇ ದಿನ ಬೇಯಿಸತೊಡಗಿದಳು. ಹೆಸರುಕಾಳು, ಕಡಲೆಕಾಳು ರಾತ್ರಿ ನೆನೆಯುತ್ತಿದ್ದವು. ಸೊಪ್ಪಿನ ವಿಚಾರದಲ್ಲಿ ಅತ್ತೆಯ ಮಾತೇ ಕೊನೆ: "ಅಂಗಡಿ ಮುಚ್ಚೋ ಹೊತ್ತಿಗೆ ಹೋಗು. ಬಾಡಿದ್ದು ಬೇಡ ಅನ್ನು. ನೀರು ಚಿಮುಕಿಸಿರೋದನ್ನ ಕೊಡವಿ ನೋಡು. ನಾನೂ ಅದನ್ನೇ ಮಾಡ್ತಿದ್ದೆ, ಅದಕ್ಕೇ ಹೇಳ್ತಾ ಇರೋದು." ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಅವಳು ಕೊನೆಯಲ್ಲಿ ಉಣ್ಣುವುದನ್ನು ನಿಲ್ಲಿಸಿ, ಎಲ್ಲರ ಜೊತೆಗೇ ತಟ್ಟೆ ಹಾಕಿಕೊಂಡು ಕೂತಳು. ಮೊದಲ ದಿನ ಗಂಡ ನೀರಿಗಾಗಿ ಅವಳ ಮುಖ ನೋಡಿದ. ಎರಡನೆಯ ದಿನ ಗಂಡ ಎದ್ದು ತಾನೇ ನೀರು ತಂದುಕೊಂಡ.

ಮೂರನೆಯ ವಾರ ಅವನು ಗೋಗರೆದ. "ಬೆಳಿಗ್ಗೆ ಕಾಳು, ಸಂಜೆ ಕಾಳು. ನಿನ್ನೆ ಗಿರಾಕಿ ತಲೆ ಮೇಲೆ ಬಗ್ಗಿದ್ದೆ, ಹೊಟ್ಟೆ ಗುಡುಗ್ತು. ಪಾಪ, ಆತ ಛತ್ರಿ ತಂದಿಲ್ಲ ಅಂತ ಎದ್ದೇಬಿಟ್ಟ."

"ಜೀರಿಗೆ ಹಾಕಿ ಬೇಯಿಸ್ತೀನಿ ಬಿಡಿ."

"ಮೊಟ್ಟೆ ಹಾಕೇ ಬೇಯ್ಸು. ನಿಂಗೆ ಎರಡು, ನಂಗೆ ಒಂದು ಯಾವ ನ್ಯಾಯ?"

"ನೀನು ಎತ್ತೋದು ಕತ್ತರಿ ತಾನೇ" ಎಂದರು ಅತ್ತೆ.

*

ಭಾರಕ್ಕೆ ಅವಳು ಕಂಡುಕೊಂಡ ಉಪಾಯ ಹೀಗೆ. ಬೇಕರಿಯ ಖಾಲಿ ಹಿಟ್ಟಿನ ಚೀಲ ಕತ್ತರಿಸಿ ಸಣ್ಣ ಚೀಲಗಳನ್ನು ಹೊಲಿದಳು. ಎದುರುಮನೆಯ ಗೋಡೆಯ ಕೆಲಸ ಮುಗಿದು ಉಳಿದಿದ್ದ ಒಣ ಮರಳನ್ನು ಕೇಳಿ ತಂದು, ಒಂದೊಂದರಲ್ಲೂ ಸರಿಯಾಗಿ ಐದು ಕಿಲೋ ತುಂಬಿ ಬಾಯಿ ಹೊಲಿದಳು. ಒಂದು ಇಡಿಯ ಹಿಟ್ಟಿನ ಚೀಲದೊಳಗೆ ಆ ಮರಳಿನ ಚೀಲಗಳನ್ನು ಇಟ್ಟರೆ ಮೂಟೆ ಸಿದ್ಧ. ಶಕ್ತಿ ಬಂದಂತೆ ಒಂದೊಂದೇ ಸೇರಿಸುತ್ತ ಹೋಗಬೇಕು. ಹತ್ತನೆಯದು ಸೇರಿದ ದಿನ ಐವತ್ತು ಕಿಲೋ.

ಐದು ಕಿಲೋ ತೂಗಿದ್ದು ಅಂಗಡಿಯ ತಕ್ಕಡಿಯಲ್ಲಿ. ದಾಸ್ತಾನು ಕೋಣೆಯಲ್ಲಿ ಮೂಟೆ ತೂಗುವ ದೊಡ್ಡ ಯಂತ್ರವಿತ್ತು. ಆದರೆ ಅದರ ಬೀಗದಕೈ ಮೇಸ್ತ್ರಿಯ ಸೊಂಟದಲ್ಲಿ. ಅವರನ್ನು ಕೇಳಿದರೆ, ಎಷ್ಟಾಯಿತು, ಎಲ್ಲಿಗೆ ಬಂತು ಎಂದು ದಿನಾ ವಿಚಾರಿಸುತ್ತಾರೆ. ಅದು ಅವಳಿಗೆ ಬೇಡವಾಗಿತ್ತು. ಅಂಗಡಿಯ ತಕ್ಕಡಿ ಯಜಮಾನರ ತಂದೆಯ ಕಾಲದ್ದು. ಒಂದು ಕಡೆ ರಸ್ಕು ಸುರಿಯುವ ಅಗಲವಾದ ಹಿತ್ತಾಳೆ ತಟ್ಟೆ, ಇನ್ನೊಂದು ಕಡೆ ತೂಕದ ಕಲ್ಲು ಇಡುವ ಸಣ್ಣ ಕಬ್ಬಿಣದ ತಟ್ಟೆ. ತಿನ್ನುವ ಪದಾರ್ಥ ಬಿಟ್ಟು ಬೇರೇನೂ ಹಿತ್ತಾಳೆ ತಟ್ಟೆಗೆ ಸೋಕಬಾರದೆಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳಿಗೆ ಹೇಳಿದ್ದರು. ಮರಳಿನ ಚೀಲವನ್ನು ಅದರಲ್ಲಿ ಇಡುವುದುಂಟೇ? ಅವಳು ಹಿತ್ತಾಳೆ ತಟ್ಟೆಯನ್ನು ಕೊಕ್ಕೆಯಿಂದ ಕಳಚಿ, ಶುಭ್ರವಾದ ಬಟ್ಟೆಯ ಮೇಲೆ ಬೋರಲು ಹಾಕಿ, ಚೀಲವನ್ನು ಬರಿಯ ಕೊಕ್ಕೆಗೇ ತೂಗುಹಾಕಿ ತೂಗುತ್ತಿದ್ದಳು. ಮುಳ್ಳು ನಡುವೆ ನಿಂತ ಮೇಲೂ ಒಂದು ಹಿಡಿ ಮರಳು ತೆಗೆದು, ಅರ್ಧ ಹಿಡಿ ಹಾಕಿ, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ನೋಡಿಕೊಳ್ಳುತ್ತಿದ್ದಳು.

ತಿಂಗಳೊಪ್ಪತ್ತಿನಲ್ಲಿ ಮೂಟೆಯೊಳಗೆ ನಾಲ್ಕು ಚೀಲಗಳಿದ್ದವು. ಅದನ್ನು ತಾರಸಿಯ ನೆಲದಿಂದ ಎತ್ತಿ, ತೊಡೆಯ ಮೇಲೆ ತಂದುಕೊಂಡು, ಅಪ್ಪಿ ಎದ್ದು, ಒಗೆಯುವ ಕಲ್ಲಿನ ಮೇಲೆ ಇಡುವುದು. ಐದು ಸಲ. ಉಸಿರು ತೆಗೆದುಕೊಂಡು ಮತ್ತೆ ಐದು ಸಲ. ಎರಡೂವರೆ ತಿಂಗಳಿಗೆ ಆರಾದವು. ಅಷ್ಟರಲ್ಲಿ ಬೇರೆ ಬದಲಾವಣೆಗಳೂ ಕಾಣತೊಡಗಿದವು. ಸಂಜೆಯಾದರೆ ಕಾಲು ಊದುತ್ತಿದ್ದುದು ನಿಂತಿತು. ರವಿಕೆಯ ತೋಳು ಬಿಗಿಯಾಯಿತು. ಅಡುಗೆಯ ಅನಿಲದ ಸಿಲಿಂಡರನ್ನು ಮಹಡಿಗೆ ತರುವವನು ಮೆಟ್ಟಿಲ ಕೆಳಗೆ ನಿಂತು, ಮೇಲೆ ಹೊರಲು ಏನಾದರೂ ಹೆಚ್ಚು ಕೊಡಿ ಎಂದು ತಲೆ ಕೆರೆದಾಗ, ಅವಳು ತಾನೇ ಅದನ್ನು ಅಪ್ಪಿಕೊಂಡು ಹತ್ತಿದಳು. ಗಂಡ ಹಿಂದೆಯೇ ಬಂದು ಬೀದಿಗೆಲ್ಲ ಕೇಳುವಂತೆ, "ಇನ್ಮೇಲೆ ಈ ಮನೇಲಿ ನಾನು ಯಾರ ಜೊತೆನೂ ಜಗಳ ಆಡಲ್ಲಪ್ಪ" ಎಂದ.

ಏಳು ಚೀಲ. ಎಂಟು ಚೀಲ. ಎಂಟಕ್ಕೆ ಬಂದು ನಿಂತಿತು.

ಒಂಬತ್ತನೆಯದು ಸೇರಿಸಿದರೆ ಮೂಟೆ ತೊಡೆಯವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೇಳುತ್ತಿರಲಿಲ್ಲ. ಅವಳು ಮೊಟ್ಟೆ ಮೂರು ಮಾಡಿದಳು. ಎರಡು ದಿನ ಬಿಡುವು ಕೊಟ್ಟಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಮೂಟೆಯನ್ನು ಬೈದಳು. ಏನು ಮಾಡಿದರೂ ಎಂಟು ಅಂದರೆ ಎಂಟೇ. ನಲವತ್ತು ಕಿಲೋ. ಇನ್ನು ಹದಿನೈದೇ ದಿನ, ಇನ್ನೂ ಹತ್ತು ಕಿಲೋ.

ಅಷ್ಟರಲ್ಲಿ ಆ ಹದಿನೈದು ದಿನವೂ ಇಲ್ಲವಾಯಿತು. ಮೀಸೆಯವನ ಹೊಸ ಅಂಗಡಿಯ ಭಟ್ಟಿ ಕಟ್ಟಿ ಮುಗಿದಿತ್ತಂತೆ. ಅವನು ಶನಿವಾರವೇ ಹೊರಟ. ಮೇಸ್ತ್ರಿ ಕಿಂಡಿಯಿಂದ ತಲೆ ಹಾಕಿ, "ನಾಳೆ ಬೆಳಿಗ್ಗೆ ಮೊದಲನೇ ಒಲೆ ಇಳಿದ ಮೇಲೆ ಬಾಮ್ಮ. ಆಗೋದೋ ಇಲ್ವೋ ನೋಡಿಬಿಡೋಣ. ಇಲ್ಲಾಂದ್ರೆ ನಾನು ತಂಗಿಗೆ ಫೋನ್ ಮಾಡ್ಬೇಕು" ಎಂದರು.

ಆ ಸಂಜೆ ಅವಳು ತಾರಸಿಗೆ ಹೋಗಲಿಲ್ಲ. ಅತ್ತೆಯ ಪಕ್ಕ ಕೂತು ಕಾಳು ಬಿಡಿಸುತ್ತ, "ಹೋಗಲ್ಲ ಅತ್ತೆ" ಎಂದಳು. "ಎಂಟಕ್ಕೆ ನಿಂತುಹೋಗಿದೀನಿ. ಹತ್ತು ಎಲ್ಲಿಂದ ಬರುತ್ತೆ? ಎಲ್ಲರ ಮುಂದೆ ಮತ್ತೆ ಮೂಗಿಗೆ ಹಿಟ್ಟು ಹಚ್ಕೊಳ್ಳೋದಾ?"

ಅತ್ತೆ ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು, "ಹೋಗ್ದೇ ಇದ್ರೆ ಆಗಲ್ಲ ಅನ್ನೋದು ಖಾತ್ರಿ. ಹೋದ್ರೆ ಮೂಗು ತೊಳ್ಕೊಂಡ್ರಾಯ್ತು. ನೀರು ನಮ್ಮನೇಲಿ ಬೇಕಾದಷ್ಟಿದೆ."

"ನಾನು ಬೇಕಾದ್ರೆ ಬಂದು ಹಿಂದಿನಿಂದ ಒಂದು ಕೈ..." ಎಂದು ಗಂಡ ಶುರುಮಾಡಿದ.

"ನೀವು ಬಂದ್ರೆ ನಾನು ಖಂಡಿತ ಹೋಗಲ್ಲ" ಎಂದಳು. ಆದರೆ ಆ ಮಾತಿನಲ್ಲಿ ಹೋಗುವುದು ಆಗಲೇ ನಿರ್ಧಾರವಾಗಿತ್ತು.

*

ಬೆಳಿಗ್ಗೆ ಏಳು ಗಂಟೆಗೆ ಮೊದಲ ಒಲೆಯ ಬ್ರೆಡ್ಡು ಇಳಿದಿತ್ತು. ಭಟ್ಟಿಮನೆಯ ತುಂಬ ಬಿಸಿ ಹವೆ, ಬೆಂದ ಹಿಟ್ಟಿನ ವಾಸನೆ. ಯಜಮಾನರೂ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಅವರು ಮೃದು ಸ್ವಭಾವದವರು. ಏನಾದರೂ ಕಹಿಯಾದದ್ದು ನಡೆಯುವಂತಿದ್ದರೆ ಮೊದಲೇ ಕಣ್ಣು ಮುಚ್ಚಿಕೊಳ್ಳುವವರು. ಈಗಲೂ ಅರ್ಧ ಮುಚ್ಚಿದ್ದರು.

ಕೌಂಟರಮ್ಮ ಚಪ್ಪಲಿ ಹೊರಗೆ ಬಿಟ್ಟಳು. ಮೂಟೆಯ ಮುಂದೆ ಕೂತಳು. ಅದನ್ನು ತನ್ನ ಕಡೆಗೆ ವಾಲಿಸಿಕೊಂಡು, ಕೈ ಅಡಿಗೆ ತೂರಿಸಿ, ತೊಡೆಯ ಮೇಲೆ ಎಳೆದುಕೊಂಡಳು. ಬಂತು. ಒಂಬತ್ತು ಚೀಲದ ದಿನಗಳಲ್ಲೂ ಇಲ್ಲಿಯವರೆಗೆ ಬಂದಿತ್ತು. ಅದಕ್ಕೇ ಅವಳು ಹಿಗ್ಗಲಿಲ್ಲ. ಮೂಟೆಯನ್ನು ಎದೆಗೆ ಒತ್ತಿ ತಬ್ಬಿ, ಹಿಮ್ಮಡಿಯನ್ನು ನೆಲಕ್ಕೆ ಅಮುಕಿ, ಎದ್ದಳು.

ಮೊದಲು ಏನೂ ಆಗಲಿಲ್ಲ. ತೊಡೆ ನಡುಗಿತು, ಕಿವಿಯಲ್ಲಿ ಗುಂಯ್ ಎಂದಿತು. ಆಮೇಲೆ, ಕೆಸರಿನಿಂದ ಕಾಲು ಕಿತ್ತುಕೊಂಡಂತೆ, ಮೂಟೆ ಮೇಲೆ ಬರತೊಡಗಿತು. ಮೊಣಕಾಲು ನೆಟ್ಟಗಾದವು. ಎರಡು ಹೆಜ್ಜೆ. ಮೂರನೆಯದಕ್ಕೆ ತೊಟ್ಟಿಯ ಅಂಚು ಹೊಟ್ಟೆಗೆ ತಾಗಿತು. ಅವಳು ಮೂಟೆಯನ್ನು ಅಂಚಿಗೆ ಏರಿಸಿ, ಕೈ ಬಿಡದೆ, ಅದರ ಮೇಲೆಯೇ ಗಲ್ಲ ಊರಿ ನಿಂತಳು.

ಯಜಮಾನರು ಕಣ್ಣು ಪೂರ್ತಿ ತೆರೆದರು. ಮೇಸ್ತ್ರಿ ಮೂಗಿನಿಂದ ಉಸಿರು ಬಿಟ್ಟು, "ಸರಿ" ಎಂದರು.

ಹಿಗ್ಗಬೇಕಾದವಳು ತಿರುಗಿ ನಿಂತಾಗ ಅವಳ ಮುಖ ಕೆಂಪಾಗಿತ್ತು. "ಮೇಸ್ತ್ರಿಗಳೇ, ಇದರಲ್ಲಿ ಎಷ್ಟು ಕಿಲೋ ತೆಗ್ದಿದೀರಾ?"

"ಏನಮ್ಮಾ?"

"ನಾನು ನಲವತ್ತರ ಮೇಲೆ ಒಂದು ದಿನನೂ ಎತ್ತಿಲ್ಲ. ಇದು ಐವತ್ತು ಆಗಿದ್ರೆ ಏಳ್ತಾನೇ ಇರಲಿಲ್ಲ. ಪಾಪ ಅಂತ ಹಿಟ್ಟು ತೆಗ್ದು ಚೀಲ ಹೊಲಿದಿದೀರಿ. ನಂಗೆ ಕರುಣೆ ಬೇಡ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ನಾನು ಹೋಗಿ ನನ್ನ ಗಾಜಿನ ಪೆಟ್ಟಿಗೆ ಹಿಂದೆ ನಿಂತ್ಕೋತೀನಿ."

ಮೇಸ್ತ್ರಿಗೆ ಸಿಟ್ಟು ಬರುವುದು ಅಪರೂಪ. ಬಂದಾಗ ದನಿ ಸಣ್ಣದಾಗುತ್ತಿತ್ತು. "ನಲವತ್ತು ವರ್ಷದಲ್ಲಿ ನಾನು ಒಬ್ಬರಿಗೂ ಒಂದು ಚಿಟಿಕೆ ತೆಗ್ದಿಲ್ಲ" ಎಂದರು ಸಣ್ಣ ದನಿಯಲ್ಲಿ. ಸೊಂಟದಿಂದ ಬೀಗದಕೈ ಬಿಚ್ಚಿ ದಾಸ್ತಾನು ಕೋಣೆ ತೆರೆದರು. ಮೂಟೆಯನ್ನು ದೊಡ್ಡ ಯಂತ್ರದ ಮೇಲೆ ಹೊತ್ತು ಹಾಕಿದ್ದೂ ಕೌಂಟರಮ್ಮನೇ; ಕೋಪದಲ್ಲಿ ಅದು ಅವಳ ಗಮನಕ್ಕೇ ಬರಲಿಲ್ಲ. ಮುಳ್ಳು ಐವತ್ತರ ಗೆರೆಯನ್ನು ಚೂರು ದಾಟಿ ನಿಂತಿತು.

"ಚೀಲದ ತೂಕ ಸೇರಿ" ಎಂದರು ಮೇಸ್ತ್ರಿ. "ಈಗ ನಿನ್ನ ನಲವತ್ತು ಎಲ್ಲಿದೆ, ಅದನ್ನೂ ತಗೊಂಡು ಬಾ."

ಅವಳ ಮನೆ ಎರಡು ಬೀದಿ ಆಚೆ. ಎಂಟು ಚೀಲ ತುಂಬಿದ ಮೂಟೆಯನ್ನು ಗಂಡನ ಸೈಕಲ್ಲಿನ ಮೇಲೆ ಹೇರಿ, ಗಂಡ ತಳ್ಳುತ್ತ, ಅವಳು ಹಿಡಿದುಕೊಳ್ಳುತ್ತ ತಂದರು. ಅತ್ತೆಯೂ ಹಿಂದೆಯೇ ಬಂದರು. ಇಂಥದ್ದನ್ನು ಬಿಟ್ಟು ಮನೆಯಲ್ಲಿ ಕೂರುವ ಜಾತಿಯವರಲ್ಲ ಅವರು. ಮೂಟೆಯನ್ನು ಯಂತ್ರಕ್ಕೆ ಹಾಕಿದರೆ ನಲವತ್ತೆಂಟು ಎಂದು ತೋರಿಸಿತು.

ಎಲ್ಲರೂ ಬಗ್ಗಿ ನೋಡಿದರು. ಒಂದು ಚೀಲ ತೆಗೆದು ಒಂಟಿಯಾಗಿ ತೂಗಿದರು. ಆರು ಕಿಲೋ. ಇನ್ನೊಂದು, ಅದೂ ಆರು.

"ಐದೇ ಹಾಕಿದ್ದು" ಎಂದಳು ಕೌಂಟರಮ್ಮ. "ನಮ್ಮ ತಕ್ಕಡೀಲಿ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ಹೇಗೆ ತೂಗ್ದೆ, ತೋರ್ಸು" ಎಂದರು ಯಜಮಾನರು.

ಅವಳು ಅಂಗಡಿಗೆ ಬಂದು ಹಿತ್ತಾಳೆ ತಟ್ಟೆಯನ್ನು ಕಳಚಿ, ಬಟ್ಟೆಯ ಮೇಲೆ ಬೋರಲು ಹಾಕಿ, ಚೀಲವನ್ನು ಕೊಕ್ಕೆಗೆ ತೂಗುಹಾಕಿದಳು. ಯಜಮಾನರು ನಗತೊಡಗಿದರು, ಹೊಟ್ಟೆ ಹಿಡಿದುಕೊಂಡು ರಸ್ಕಿನ ಡಬ್ಬಿಯ ಮೇಲೆ ಕೂತುಬಿಟ್ಟರು. ಆಮೇಲೆ ಕಲ್ಲಿಡುವ ಕಬ್ಬಿಣದ ತಟ್ಟೆಯನ್ನು ತಿರುಗಿಸಿ ತೋರಿಸಿದರು. ಅದರ ಅಡಿಯಲ್ಲಿ ಕಪ್ಪು ಬಣ್ಣ ಬಳಿದ ಸೀಸದ ಗಟ್ಟಿಯೊಂದು ಅಂಟಿಕೊಂಡಿತ್ತು. ಹಿತ್ತಾಳೆ ತಟ್ಟೆ ಒಂದು ಕಿಲೋ ಭಾರ. ಅದಕ್ಕೆ ಸರಿದೂಗಲೆಂದು ಅವರ ತಂದೆ ಈಚೆ ಕಡೆ ಒಂದು ಕಿಲೋ ಸೀಸ ಬೆಸುಗೆ ಹಾಕಿಸಿದ್ದರು. ತಟ್ಟೆ ಕಳಚಿದ ಕೌಂಟರಮ್ಮ ಪ್ರತಿಯೊಂದು ಸಲವೂ ಐದು ಕಿಲೋ ಕಲ್ಲಿನ ಜೊತೆಗೆ ಆ ಸೀಸಕ್ಕೂ ಸರಿಯಾಗಿ ಮರಳು ತುಂಬಿದ್ದಳು. ತಟ್ಟೆಗೆ ಮರಳು ಸೋಕಬಾರದೆಂಬ ಮಡಿಯಲ್ಲಿ, ಚೀಲಕ್ಕೊಂದು ಕಿಲೋದಂತೆ, ಎಂಟು ಕಿಲೋ ಹೆಚ್ಚಾಗಿ ಎತ್ತಿದ್ದಳು.

"ಹಾಗಾದ್ರೆ ಏಳದೇ ಇದ್ದ ಆ ಒಂಬತ್ತು ಚೀಲ?" ಎಂದು ಅವಳು ಬೆರಳು ಮಡಚಿದಳು.

"ಐವತ್ನಾಲ್ಕು" ಎಂದ ಗಂಡ. "ನನ್ನ ಕೈಲೂ ಏಳ್ತಿರಲಿಲ್ಲ. ನನ್ನ ಕೈಲಿ ಒಂದು ಚೀಲನೂ ಏಳಲ್ಲ ಬಿಡು."

ಅತ್ತೆ ತಕ್ಕಡಿಯನ್ನೇ ನೋಡುತ್ತ ನಿಂತಿದ್ದರು. "ನಲವತ್ತು ವರ್ಷ ತಕ್ಕಡಿ ಹಿಡಿದಿದೀನಿ. ಒಂದೇ ಒಂದು ಸಲ ನಿನ್ನ ಜೊತೆ ಬಂದು ನೋಡಿದ್ರೆ ಆಗ್ತಿತ್ತು" ಎಂದು ತಮ್ಮ ಮೇಲೆಯೇ ಮುನಿಸಿಕೊಂಡರು. ಮರುಕ್ಷಣವೇ ಏನೋ ಹೊಳೆದು, "ಬೇಡ ಬಿಡು. ನೋಡಿದ್ರೆ ನೀನು ನಿಜವಾದ ನಲವತ್ತಕ್ಕೇ ನಿಂತಿರ್ತಿದ್ದೆ" ಎಂದರು.

ಕೌಂಟರಮ್ಮ ಮೇಸ್ತ್ರಿಯ ಕಡೆ ತಿರುಗಿದಳು. "ತಪ್ಪಾಯ್ತು ಮೇಸ್ತ್ರಿಗಳೇ. ನಿಮ್ಮ ಮೇಲೆ ಅನುಮಾನ ಪಟ್ಟೆ."

"ಪಡಬೇಕಾದ್ದೇ" ಎಂದರು ಮೇಸ್ತ್ರಿ. ಅವರ ದನಿ ಮತ್ತೆ ದಪ್ಪಗಾಗಿತ್ತು. "ಸುಲಭಕ್ಕೆ ಸಿಕ್ಕಿದ್ದನ್ನ ಬೇಡ ಅಂದಿಯಲ್ಲ, ಅಂಥವರೇ ನಂಗೆ ಬೇಕು. ಹಿಟ್ಟು ಹುಳಿ ಬಂದಿರೋವಾಗ ಯಾರೂ ನೋಡಲ್ಲ ಅಂತ ಒಲೆಗೆ ಹಾಕೋರು ನಂಗೆ ಬೇಡ. ತಂಗಿಗೆ ಫೋನ್ ಮಾಡಲ್ಲ. ಹೋಗು, ಮೊಣಕೈವರೆಗೂ ಕೈ ತೊಳ್ಕೊಂಡು ಬಾ. ಎರಡನೇ ಒಲೆಗೆ ಹೊತ್ತಾಯ್ತು."

ಅವಳು ಬಳೆ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಸಾಲದೆಂದು ಮತ್ತೊಮ್ಮೆ ತೊಳೆದಳು. ತೊಟ್ಟಿಯಲ್ಲಿ ನೀರು ಕೂಡಿದ ಹಿಟ್ಟಿನೊಳಗೆ ಕೈ ಇಳಿಸಿದಾಗ ಅದು ಅವಳು ಎಣಿಸಿದಂತೆ ತಣ್ಣಗಿರಲಿಲ್ಲ. ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಮೈಯಂತೆ ಬೆಚ್ಚಗಿತ್ತು. ಹಿಟ್ಟು ಬೆರಳಿಗೆಲ್ಲ ಅಂಟಿ ಬಿಡಲೊಲ್ಲದು. ಮೇಸ್ತ್ರಿ, "ಬೆರಳಿಂದ ಅಲ್ಲ, ಅಂಗೈಯಿಂದ. ಮೈ ಭಾರ ಹಾಕು, ನಿಂಗೆ ಅದು ಬರುತ್ತಲ್ಲ" ಎಂದರು. ಅವಳು ಭಾರ ಹಾಕಿದಳು. ಹಿಟ್ಟು ತಗ್ಗಿತು, ಮತ್ತೆ ಉಬ್ಬಿತು.

ಕಿಂಡಿಯ ಆಚೆ ಅಷ್ಟರಲ್ಲಿ ಗಲಾಟೆ ಶುರುವಾಗಿತ್ತು. ಗಾಜಿನ ಪೆಟ್ಟಿಗೆಯ ಹಿಂದೆ ಬೇರೆ ಯಾರೂ ಇಲ್ಲದೆ ಯಜಮಾನರೇ ನಿಂತಿದ್ದರು. ಅವರು ಕಟ್ಟಿದ ಪೊಟ್ಟಣದಿಂದ ರಸ್ಕುಗಳು ಒಂದೊಂದಾಗಿ ಉದುರುತ್ತಿದ್ದವು. ಸಾಲು ಬಾಗಿಲಾಚೆಗೂ ಬೆಳೆದಿತ್ತು.

"ಕೌಂಟರಮ್ಮ ಎಲ್ಲಿ ಸ್ವಾಮೀ?" ಎಂದು ಸಾಲಿನಲ್ಲಿದ್ದ ಒಬ್ಬಾಕೆ ಕೇಳಿದಳು.

"ಒಳಗಿದಾರೆ. ಕೆಲಸದಲ್ಲಿದಾರೆ" ಎಂದರು ಯಜಮಾನರು, ದಾರದ ತುದಿ ಹುಡುಕುತ್ತ.

"ಹಾಗಾದ್ರೆ ಅವರನ್ನೇ ಕೇಳಿ ಹೇಳಿ. ಮೊನ್ನೆ ಬ್ರೆಡ್ ಸ್ವಲ್ಪ ಹುಳಿ ಇತ್ತು. ಯಾಕೆ?"

ಯಜಮಾನರು ಕಿಂಡಿಗೆ ತಲೆ ಹಾಕಿದರು. ಒಳಗೆ ಅವಳ ಬೆಳ್ಳಗಿನ ಎರಡು ತೋಳು ತೊಟ್ಟಿಯಲ್ಲಿ ಮುಳುಗಿದ್ದವು. ಅವಳು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಮೆಲುದನಿಯಲ್ಲಿ ಎರಡು ಮಾತು ಹೇಳಿದರು.

"ಮೊನ್ನೆ ಸೆಖೆ ಜಾಸ್ತಿ ಇತ್ತು" ಎಂದು ಅವಳು ನಾದುತ್ತಲೇ ಗಟ್ಟಿಯಾಗಿ ಹೇಳಿದಳು, "ಹಿಟ್ಟು ಹೊತ್ತಿಗೆ ಮುಂಚೆ ಹುದುಗು ಬಂದುಬಿಟ್ಟಿತ್ತು. ನಾಳೆ ಬಂದು ತಗೊಳ್ಳಿ. ನಾಳೆ ಹುಳಿ ಇದ್ರೆ ನನ್ನನ್ನೇ ಬೈಯಿರಿ."